ದೋಹಾದಲ್ಲಿ ನಾಲ್ಕು ದಿನ, ತೊಂಬತ್ತು ಮೀಟರ್

ಬುಧವಾರ, ಮೇ 14, 2025

ಜೋನಿ ಬೆಲ್ಲವನ್ನು ವಿಮಾನದಲ್ಲಿ ಒಯ್ಯಬೇಡಿ. ಒಯ್ಯಲೇಬೇಕು ಅಂದರೆ ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕಿದ್ದೇನೆ, ಇನ್ನೇನೂ ಆಗಲ್ಲ ಅಂತ ಮಾತ್ರ ನಂಬಬೇಡಿ. ದೋಹಾದಲ್ಲಿ ಅಕ್ಕನ ಮನೆಯ ಹಾಲಿನಲ್ಲಿ ಬ್ಯಾಗ್ ತೆರೆದಾಗ ಹಲಸಿನ ಹಪ್ಪಳದ ಕಟ್ಟು, ನನ್ನ ಎರಡು ಬಿಳಿ ಅಂಗಿ, ಒಂದು ಟವೆಲ್ ಎಲ್ಲ ಒಂದೇ ಉಂಡೆಯಾಗಿತ್ತು. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಹಾಗೇ ಇತ್ತು. ಅದನ್ನು ಅಮ್ಮ ಕಟ್ಟಿದ್ದಳು, ಬೆಲ್ಲ ನಾನು ಕಟ್ಟಿದ್ದೆ.

ಅಕ್ಕ ಬೈಯಲಿಲ್ಲ. ಅಂಗಿಯ ಕಾಲರಿನಿಂದ ಬೆರಳಲ್ಲಿ ಬೆಲ್ಲ ತೆಗೆದು ನೆಕ್ಕಿ, 'ಈ ಸಲದ್ದು ಚೆನ್ನಾಗಿದೆ ಕಣೋ' ಅಂದಳು.

ನಾನು ಶಿರಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಮಾಸ್ತರು. ಬೇಸಿಗೆ ರಜೆಯಲ್ಲಿ ದೋಹಾಕ್ಕೆ ಬಾ ಅಂತ ಅಕ್ಕ ಹನ್ನೊಂದು ವರ್ಷದಿಂದ ಕರೆಯುತ್ತಿದ್ದಳು. ಈ ಸಲ ಹೊರಟಿದ್ದಕ್ಕೆ ನಿಜವಾದ ಕಾರಣ ಅಕ್ಕ ಅಲ್ಲ, ನೀರಜ್ ಚೋಪ್ರಾ. ಇದು ಅವಳಿಗೂ ಗೊತ್ತು. ಮೇ 16ಕ್ಕೆ ದೋಹಾದಲ್ಲಿ ಡೈಮಂಡ್ ಲೀಗ್, ಜಗತ್ತಿನ ದೊಡ್ಡ ಅಥ್ಲೆಟಿಕ್ಸ್ ಕೂಟಗಳಲ್ಲೊಂದು. ಮೇ 24ಕ್ಕೆ ನಮ್ಮ ಕಂಠೀರವದಲ್ಲೇ ನೀರಜ್ ಹೆಸರಿನ ಜಾವೆಲಿನ್, ಅಂದರೆ ಭರ್ಜಿ ಎಸೆತದ ಕೂಟ. ಅಲ್ಲೊಮ್ಮೆ ನೋಡಿ, ವಾಪಸ್ ಬಂದು ಬೆಂಗಳೂರಿನಲ್ಲಿ ಇನ್ನೊಮ್ಮೆ ನೋಡುವುದು ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಪಾಕಿಸ್ತಾನದ ಗಡಿಯಲ್ಲಿ ಗುಂಡಿನ ಸದ್ದು ಶುರುವಾಯಿತು, ಬೆಂಗಳೂರಿನದ್ದು ಮುಂದಕ್ಕೆ ಹೋಯಿತು. ನಾನು ಹೊರಡುವ ನಾಲ್ಕು ದಿನ ಮುಂಚೆ ಕದನ ವಿರಾಮ ಆಗದಿದ್ದರೆ ದೋಹಾವೂ ಇರುತ್ತಿರಲಿಲ್ಲ. ಅಮ್ಮ ಕೊನೇ ಗಳಿಗೆವರೆಗೂ 'ಈಗ ಯಾಕೆ, ಚೌತಿಗೆ ಅವರೇ ಬರ್ತಾರಲ್ಲ' ಅನ್ನುತ್ತಿದ್ದಳು.

ವಿಮಾನ ನಿಲ್ದಾಣದ ಬಾಗಿಲು ದಾಟಿದಾಗ ಮುಖಕ್ಕೆ ಬಡಿದ ಬಿಸಿಗೆ ನಮ್ಮಲ್ಲಿ ಹೋಲಿಕೆ ಒಂದೇ: ಅಡಿಕೆ ಬೇಯಿಸುವ ಹಂಡೆಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅದು. ವ್ಯತ್ಯಾಸ ಅಂದರೆ ಹಂಡೆಯಿಂದ ಹಿಂದೆ ಸರಿಯಬಹುದು.

ಗುರುವಾರ, ಮೇ 15

ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ತಡವಾಯಿತು ಅಂತ ಗಡಬಡಿಸಿ ಎದ್ದು ನೋಡಿದರೆ ಗಡಿಯಾರದಲ್ಲಿ ನಾಲ್ಕೂ ಐವತ್ತು. ಮನೆಯವರೆಲ್ಲ ಮಲಗಿದ್ದರು. ಇಲ್ಲಿ ಮೇ ತಿಂಗಳಲ್ಲಿ ಹೊರಗೆ ಓಡಾಡುವುದಾದರೆ ಎಂಟರೊಳಗೆ ಮುಗಿಸಬೇಕು, ಇಲ್ಲವೇ ಸಂಜೆ ಆರರ ಮೇಲೆ ಹೊರಡಬೇಕು. ನಡುವಿನ ಹೊತ್ತು ಏಸಿಯದ್ದು. ನಾನು ಹಟಕ್ಕೆ ಬಿದ್ದು ಹತ್ತು ಗಂಟೆಗೆ ಕಾರ್ನಿಷ್ ಕಡಲ ದಂಡೆಯಲ್ಲಿ ಅರ್ಧ ಕಿಲೋಮೀಟರ್ ನಡೆದೆ. ಕಡಲು ಹಸಿರು-ನೀಲಿ, ಆಚೆ ದಡದಲ್ಲಿ ಗಾಜಿನ ಗೋಪುರಗಳು, ಈಚೆ ಕಟ್ಟಿಹಾಕಿದ ಮರದ ದೋಣಿಗಳು. ಚೆನ್ನಾಗಿತ್ತು. ಆದರೆ ದಂಡೆಯ ಮೇಲೆ ಇದ್ದಿದ್ದು ನಾನು ಮತ್ತು ಒಬ್ಬ ಕಸ ಗುಡಿಸುವವ. ಅವನು ನನ್ನನ್ನು ಕಂಡು ನೆರಳು ತೋರಿಸಿದ.

ಸಂಜೆ ಅಳಿಯನ ಜೊತೆ ಇಲ್ಲಿನ ಹಳೇ ಪೇಟೆ ಸೂಕ್ ವಾಖಿಫ್‌ಗೆ ಹೋದೆ. ಅವನಿಗೆ ಹನ್ನೆರಡು ವರ್ಷ, ಹುಟ್ಟಿದ್ದೇ ದೋಹಾದಲ್ಲಿ, ಉಸಿರಾಡಿದರೆ ಫುಟ್‌ಬಾಲ್. ಮೆಟ್ರೋ ಅವನೇ ಕಲಿಸಿಕೊಟ್ಟ: ಹತ್ತು ರಿಯಾಲಿನ ಒಂದು ಕಾರ್ಡ್ ತಗೊಂಡರೆ ಸಾಕು, ಒಂದು ಸಲಕ್ಕೆ ಎರಡೇ ರಿಯಾಲ್, ದಿನವಿಡೀ ಓಡಾಡಿದರೂ ಆರರ ಮೇಲೆ ಹೋಗುವುದಿಲ್ಲ. ಸೂಕ್‌ನಲ್ಲಿ ಗಿಡುಗಗಳನ್ನೇ ಮಾರುವ ಬೀದಿ ಇದೆ. ಕಣ್ಣಿಗೆ ಚರ್ಮದ ಟೋಪಿ ಹಾಕಿಸಿಕೊಂಡು, ಸ್ಟಾರ್ಟಿಂಗ್ ಲೈನಿನಲ್ಲಿ ನಿಂತ ಹುಡುಗರ ಹಾಗೆ ಸಾಲಾಗಿ ಕೂತಿದ್ದವು. ಅಲ್ಲೇ ಹತ್ತಿರ ಕಡಕ್ ಚಹಾ ಕುಡಿದೆವು. ಇಲ್ಲಿ 'ಕರಕ್' ಅನ್ನುತ್ತಾರೆ. ಏಲಕ್ಕಿ, ಡಬ್ಬಿ ಹಾಲು, ಹಲ್ಲು ಜುಮ್ಮೆನ್ನುವಷ್ಟು ಸಕ್ಕರೆ. ನಮ್ಮ ಮನೆ ಕಷಾಯದ ಮುಂದೆ ಅದು ಪಾಯಸ.

'ಮಾವ, ನಾಳೆ ಎಷ್ಟು ಹೊತ್ತು ಇರುತ್ತೆ ಅದು?'

'ಎರಡು ಗಂಟೆ ಹಿಡೀಬಹುದು.'

'ಬರೀ ಕೋಲು ಎಸೆಯೋದನ್ನು ಎರಡು ಗಂಟೆ ನೋಡೋದಾ?'

ಉತ್ತರ ಕೊಡಲಿಲ್ಲ. ಮಾಸ್ತರಿಕೆಯಲ್ಲಿ ಕಲಿತ ಮುಖ್ಯ ಪಾಠ ಅಂದರೆ ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು.

ವಾಪಸ್ ಬರುವಾಗ ಹುಡುಗ ಸುಸ್ತಾಗಿದ್ದ, ಟ್ಯಾಕ್ಸಿ ಹಿಡಿದೆವು. ಡ್ರೈವರ್ ನನ್ನ ದೂರದರ್ಶನದ ಹಿಂದಿ ಕೇಳಿ, ಎಲ್ಲಿಯವರು ಅಂದ. ಇಂಡಿಯಾ ಅಂದೆ. ನೀವು? ಮುಲ್ತಾನ್ ಹತ್ತಿರ, ಅಂದ. ಆಮೇಲೆ ಒಂದು ಸಿಗ್ನಲ್ ಪೂರ್ತಿ ಯಾರೂ ಮಾತಾಡಲಿಲ್ಲ. ಕದನ ವಿರಾಮಕ್ಕೆ ಆಗ ಐದು ದಿನ. ಅಳಿಯ ನನ್ನ ಮುಖ, ಅವನ ತಲೆ, ಎರಡನ್ನೂ ನೋಡುತ್ತಿದ್ದ. ಏನಾದರೂ ಹೇಳಬೇಕಲ್ಲ, 'ನಾಳೆ ನೀರಜ್ ಎಸೀತಾನೆ, ನೋಡೋಕೆ ಬಂದಿದ್ದು' ಅಂದೆ.

ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಡೆ ಬಂತು. 'ಅರ್ಶದ್ ಬರ್ತಿಲ್ಲ.'

'ಹೌದು.'

'92.97' ಅಂದ, ಸ್ವಂತ ಫೋನ್ ನಂಬರ್ ಹೇಳುವವನ ಹಾಗೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪಾಕಿಸ್ತಾನದ ಅರ್ಶದ್ ನದೀಮ್ ಎಸೆದ ದೂರ ಅದು. ಅವತ್ತು ನೀರಜ್ 89.45ಕ್ಕೆ ಬೆಳ್ಳಿ ತಂದಿದ್ದ. ನಾನೂ ಸುಮ್ಮನಿರಲಿಲ್ಲ, '2022ರಲ್ಲಿ ಸ್ಟಾಕ್‌ಹೋಮ್, ನೀರಜ್ 89.94. ತೊಂಬತ್ತಕ್ಕೆ ಆರು ಸೆಂಟಿಮೀಟರ್ ಕಮ್ಮಿ' ಅಂದೆ. ಅವನು ಸ್ಟಿಯರಿಂಗ್ ಮೇಲಿಂದ ಎರಡು ಬೆರಳು ಎತ್ತಿ, ಆರು ಸೆಂಟಿಮೀಟರ್ ಎಷ್ಟು ಅಂತ ಅಂದಾಜು ಮಾಡಿದ. ಮನೆ ಹತ್ತಿರ ಇಳಿಯುವಾಗ ಹೇಳಿದ್ದು ಇದು: 'ನೀರಜ್ ತೊಂಬತ್ತು ಎಸೆಯಲಿ. ಒಳ್ಳೇ ಹುಡುಗ. ಆದ್ರೆ 92.97 ಮಾತ್ರ ಬೇಡ.'

ಶುಕ್ರವಾರ, ಮೇ 16

ಶುಕ್ರವಾರ ಇಲ್ಲಿ ರಜೆ. ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಊರು ಅಮಾವಾಸ್ಯೆಯ ಪೇಟೆಯ ಹಾಗೆ ಬಾಗಿಲು ಹಾಕಿಕೊಂಡಿರುತ್ತದೆ. ಅಕ್ಕ ಅಪ್ಪೆಹುಳಿ ಮಾಡಿದ್ದಳು. ನಾಲ್ಕು ಲೋಟ ಕುಡಿದು ಮಲಗಿದವನನ್ನು ಭಾವ ನಾಲ್ಕಕ್ಕೇ ಎಬ್ಬಿಸಿದರು.

ಭಾವ ಲೆಕ್ಕಪತ್ರದ ಮನುಷ್ಯ. ಜೋರಾಗಿ ನಕ್ಕಿದ್ದನ್ನೂ ನಾನು ನೋಡಿಲ್ಲ. ಆದರೆ ಈ ಕೂಟಕ್ಕೆ ಅವರು ಸತತ ಮೂರನೇ ವರ್ಷ ಹೋಗುತ್ತಿರುವುದು. 2023ರಲ್ಲಿ ನೀರಜ್ 88.67 ಎಸೆದು ಗೆದ್ದಿದ್ದನ್ನು ನೋಡಿದ್ದರು. 2024ರಲ್ಲಿ 88.36 ಎಸೆದು, ಚೆಕ್ ಗಣರಾಜ್ಯದ ವಾಡ್ಲೆಜ್‌ಗೆ ಬರೀ ಎರಡು ಸೆಂಟಿಮೀಟರಿನಲ್ಲಿ ಸೋತಿದ್ದನ್ನೂ ನೋಡಿದ್ದರು. 'ಎರಡು ಸೆಂಟಿಮೀಟರ್ ಅಂದ್ರೆ ರೌಂಡ್ ಆಫ್‌ನಲ್ಲಿ ಹೋಗುವಂಥದ್ದು' ಅನ್ನುವುದು ಅವರ ದುಃಖ.

ಟಿಕೆಟ್ ತೆಗೆಯುವಾಗ ಅವರು ಮಾಡಿದ ಜಾಣತನ ಒಂದಿದೆ. ಎಲ್ಲರೂ ಓಟದ ಗೆರೆ ಮುಗಿಯುವ ಕಡೆ ಸೀಟು ಹುಡುಕುತ್ತಾರೆ. ಜಾವೆಲಿನ್ ನೋಡುವುದಾದರೆ ಅದು ಬಿದ್ದುಕೊಳ್ಳುವ ಕಡೆ ಕೂರಬೇಕು. ಎಸೆಯುವವನ ಮುಖ ಅಷ್ಟು ಕಾಣಿಸುವುದಿಲ್ಲ, ಆದರೆ ಕೋಲು ನಿಮ್ಮ ಕಡೆಗೇ ಬರುತ್ತದೆ.

ಕತಾರ್ ಸ್ಪೋರ್ಟ್ಸ್ ಕ್ಲಬ್ಬಿನ ಸುಹೈಮ್ ಬಿನ್ ಹಮದ್ ಕ್ರೀಡಾಂಗಣ ದೊಡ್ಡದೇನಲ್ಲ. ವಿಶ್ವಕಪ್ ಫುಟ್‌ಬಾಲ್ ನಡೆಸಿದ ಊರಿನಲ್ಲಿ ಇದು ಚಿಕ್ಕ ತಮ್ಮ. ಕಾರು ನಿಲ್ಲಿಸಲು ಜಾಗ ಸಿಗುವುದರೊಳಗೆ ಮೂರು ಸುತ್ತು ಹಾಕಿದೆವು. ಗೇಟಿನಲ್ಲಿ ಪ್ಯಾಂಟಿನ ಜೇಬು ತಪಾಸಣೆ ಮಾಡಿದವನ ಕೈಗೆ ನನ್ನ ಸೀಟಿ ಸಿಕ್ಕಿತು. ಹದಿನೆಂಟು ವರ್ಷದಿಂದ ಯಾವ ಪ್ಯಾಂಟು ಹಾಕಿದರೂ ಅದರ ಜೇಬಿನಲ್ಲಿ ಒಂದು ಸೀಟಿ ಇರುತ್ತದೆ, ನನಗೆ ಗೊತ್ತೇ ಇರುವುದಿಲ್ಲ. ಒಳಗೆ ಬಿಡಲ್ಲ ಅಂದ. ಸರಿಯೇ ಅಲ್ವಾ, ಓಟಗಾರರು ಗೆರೆಯ ಮೇಲೆ ನಿಂತಾಗ ಮೇಲಿಂದ ಯಾರಾದರೂ ಊದಿದರೆ? ಲೈಟರ್, ಸೆಂಟು ಬಾಟಲಿ ತುಂಬಿದ ಒಂದು ರಟ್ಟಿನ ಡಬ್ಬಿಯಲ್ಲಿ ಅದನ್ನೂ ಹಾಕಿ ಒಳಗೆ ಹೋದೆವು.

ಒಳಗಿನ ಜನರನ್ನು ನೋಡುವುದೇ ಒಂದು ಆಟ. ನಮ್ಮ ಮುಂದಿನ ಸಾಲಿನಲ್ಲಿ ಕೇರಳದ ನರ್ಸುಗಳ ಒಂದು ಗುಂಪು, ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು. ಬಲಗಡೆ ಕಂಪನಿ ಬಸ್ಸಿನಲ್ಲಿ ಬಂದ ಕೆಲಸಗಾರರು, ತಲೆಗೆ ಇನ್ನೂ ಒದ್ದೆ ಟವೆಲ್. ಕ್ರಿಕೆಟ್ಟಿನ ನೀಲಿ ಜೆರ್ಸಿಗಳು ಎಲ್ಲೆಲ್ಲೂ, ಬೆನ್ನ ಮೇಲೆ 18. ಸ್ವಲ್ಪ ಆಚೆ ಕೀನ್ಯಾದ ಬಾವುಟ ಹಿಡಿದ ಹತ್ತಿಪ್ಪತ್ತು ಜನ. ಅವರಲ್ಲಿ ಹೆಚ್ಚಿನವರು ಇಲ್ಲಿನ ಮಾಲ್, ಹೋಟೆಲುಗಳಲ್ಲಿ ಸೆಕ್ಯುರಿಟಿ ಕೆಲಸದವರು ಅಂತ ಆಮೇಲೆ ಗೊತ್ತಾಯಿತು. ಅವರ ಪಕ್ಕ ಬಿಳಿ ಶಾಲು ಹೊದ್ದ ಇಥಿಯೋಪಿಯಾದ ಹೆಂಗಸರು.

ನಮ್ಮ ಹಿಂದೆ ಮೂವರು ಹುಡುಗರು. ನಾನು ಅಳಿಯನಿಗೆ ಏನೋ ಹೇಳುತ್ತಿದ್ದುದು ಅವರ ಕಿವಿಗೆ ಬಿತ್ತು.

'ಕನ್ನಡದವರಾ? ಯಾವ ಊರು?'

'ಶಿರಸಿ.'

'ಅರೆ, ನಾವು ಭಟ್ಕಳ ಮಾರಾಯ್ರೆ!'

ಅಷ್ಟೇ. ಪೀಠಿಕೆ ಮುಗಿಯಿತು. ಶಿರಸಿ ಅಂದ ಮೇಲೆ ಕಾಶಿನಾಥ ನಾಯ್ಕರ ಮಾತು ಬರಲೇಬೇಕು. ಶಿರಸಿ ಹತ್ತಿರದ ಬೆಂಗಳೆಯವರು, ಸೈನ್ಯದಲ್ಲಿದ್ದವರು, 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಜಾವೆಲಿನ್‌ನಲ್ಲೇ ಕಂಚು ಗೆದ್ದವರು, ಆಮೇಲೆ ನೀರಜ್‌ಗೆ ಶುರುವಿನ ವರ್ಷಗಳಲ್ಲಿ ತರಬೇತಿ ಕೊಟ್ಟವರಲ್ಲಿ ಒಬ್ಬರು. ಭಟ್ಕಳದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಕೇಳಿದ ಮೇಲೆ ಅವನು ಅಕ್ಕಪಕ್ಕದವರಿಗೆಲ್ಲ, ಮಲಯಾಳಿ ನರ್ಸುಗಳಿಗೂ, 'ನೀರಜ್ ಕೋಚ್ ನಮ್ಮ ಜಿಲ್ಲೆಯವರು' ಅಂತ ಸಾರುತ್ತಾ ಬಂದ. ಆಗಿನ ಕೋಚ್ ಯಾನ್ ಜೆಲೆಜ್ನಿ, 98.48 ಎಸೆದು 1996ರಿಂದ ವಿಶ್ವದಾಖಲೆ ಇಟ್ಟುಕೊಂಡವರು ಅಂತ ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲವೋ, ಬೇಡವಾಯಿತೋ.

ಅವನ ಗೆಳೆಯ ಗಂಭೀರವಾಗಿ ಕೇಳಿದ: 'ಸರ್, ಒಬ್ಬೊಬ್ಬರಿಗೆ ಎಷ್ಟು ಬಾಲು?'

ಆರು, ಅಂದೆ. ಒಂದು ಓವರ್ ಅಂತಲೇ ತಿಳ್ಕೋ.

ಆರೂ ಕಾಲಿನ ಸುಮಾರಿಗೆ ಸೂರ್ಯ ಮುಳುಗಿದ ಮೇಲೂ ಸೀಟಿನ ಪ್ಲಾಸ್ಟಿಕ್ ಬಿಸಿಯಾಗೇ ಇತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಆದರೆ ಗಾಳಿ ಇತ್ತು. ನಾನು ಮೊದಲು ನೋಡಿದ್ದೇ ಬಾವುಟಗಳನ್ನು. ಎಸೆಯುವವರ ಬೆನ್ನ ಹಿಂದಿನಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಈ ಮೈದಾನಕ್ಕೆ ಜಾವೆಲಿನ್‌ನವರಲ್ಲಿ ಹೆಸರಿದೆ. 2018ರಲ್ಲಿ ಇದೇ ಕೂಟದಲ್ಲಿ ಜರ್ಮನಿಯ ರೋಲರ್, ವೆಟ್ಟರ್, ಹಾಫ್‌ಮನ್ ಮೂವರೂ ಒಂದೇ ರಾತ್ರಿ ತೊಂಬತ್ತು ದಾಟಿದರು. ಅವತ್ತು ನಾಲ್ಕನೆಯವನಾಗಿದ್ದು 87.43 ಎಸೆದ ಇಪ್ಪತ್ತರ ನೀರಜ್. ಅಲ್ಲಿಂದ ಏಳು ವರ್ಷ, ಹೋದಲ್ಲೆಲ್ಲ ಅವನಿಗೆ ಒಂದೇ ಪ್ರಶ್ನೆ: ತೊಂಬತ್ತು ಯಾವಾಗ? ಮದುವೆಯಾಗದ ಹುಡುಗನನ್ನು ಕೇಳುವ ಹಾಗೆ. ಪಾಪ, ಮದುವೆಯೂ ಆಯಿತು, ತೊಂಬತ್ತು ಆಗಿರಲಿಲ್ಲ.

ಏಳೂ ಮುಕ್ಕಾಲಿನ ಹೊತ್ತಿಗೆ ಜಾವೆಲಿನ್ ಶುರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಟ್ರ್ಯಾಕಿನಲ್ಲಿ 5000 ಮೀಟರ್ ಓಟ ಬಿಟ್ಟರು. ಅದರಲ್ಲಿ ನಮ್ಮ ಗುಲ್ವೀರ್ ಸಿಂಗ್ ಇದ್ದ. ಕೀನ್ಯಾದವರು ಎದ್ದು ನಿಂತು ಸುತ್ತು ಸುತ್ತಿಗೂ ಹಾಡಿದರು, ಅವರ ರೆನಾಲ್ಡ್ ಚೆರುಯಟ್ ಗೆದ್ದ. ನಮ್ಮವರ ಕತ್ತು ಮಾತ್ರ ಒಂದೇ ಕಡೆ ನೆಟ್ಟಿತ್ತು. ಮೊದಲ ಸುತ್ತಿನಲ್ಲೇ ನೀರಜ್ 88.44. ಕೂಗು ಎದ್ದಿತು. ಎರಡನೆಯದು ಲೆಕ್ಕಕ್ಕೆ ಬರಲಿಲ್ಲ. 'ನೋ ಬಾಲ್' ಅಂದ ಭಟ್ಕಳದವ.

ಮೂರನೆಯದನ್ನು ಹೇಗೆ ಹೇಳಲಿ. ಅವನು ಓಟ ಶುರುಮಾಡಿದಾಗ ಎಲ್ಲರೂ ತಾಳ ಹಾಕುತ್ತಿದ್ದರು, ಕೊನೆಯ ಅಡ್ಡ ಹೆಜ್ಜೆಗಳಲ್ಲಿ ತಾಳ ತಪ್ಪಿ ಬರೀ ಸದ್ದಾಯಿತು. ಎಡಗಾಲು ಊರಿದ ಕೂಡಲೇ ಮೈ ಬಿಲ್ಲಿನಂತೆ ಬಾಗಿ, ಕೈ ಕೊನೆಗೆ ಬಂತು. ಮಕ್ಕಳಿಗೆ ನಾನು ಹೇಳಿ ಹೇಳಿ ಸೋತಿರುವ ಮಾತು ಇದೇ: ಕೈಯಿಂದ ಎಸೀಬೇಡ್ರೋ, ಕಾಲಿಂದ ಎಸೀರಿ, ಕೈ ಹಿಂದಿನಿಂದ ಬರಲಿ. ಎಂಟುನೂರು ಗ್ರಾಮಿನ ಆ ಕೋಲು ದೀಪದ ಬೆಳಕಿಗೆ ಒಮ್ಮೆ ಬಂದು, ಮೇಲೆ ಕತ್ತಲಲ್ಲಿ ಒಂದು ಕ್ಷಣ ಮಾಯವಾಯಿತು. ಮತ್ತೆ ಕಂಡಾಗ ಮೂತಿ ಇನ್ನೂ ಕೆಳಗಾಗಿರಲಿಲ್ಲ. ಅದನ್ನು ನೋಡಿದೆ ನಾನು. ಆ ಎತ್ತರದಲ್ಲಿ ಬಾಲ ಅಲುಗದೆ, ಯಾರೋ ದಾರ ಕಟ್ಟಿ ಎಳೆಯುತ್ತಿರುವ ಹಾಗೆ ನಮ್ಮ ಕಡೆಗೇ ಬರುತ್ತಿತ್ತು. ಬಿದ್ದ ಸದ್ದು ಕೇಳಿಸಲಿಲ್ಲ. ಹುಲ್ಲಿನಲ್ಲಿ ಓರೆಯಾಗಿ ನಿಂತಿತು.

'ಭಾವ, ದಾಟ್ತು' ಅಂದೆ.

'ಸುಮ್ನಿರು. ಬೋರ್ಡ್ ಬರಲಿ.'

ಬೋರ್ಡಿನಲ್ಲಿ ಅಂಕಿ ಬರುವವರೆಗೆ ಎಷ್ಟು ಹೊತ್ತಾಯಿತೋ. ಕೆಲಸಗಾರರ ಗುಂಪಿನಲ್ಲಿ ಒಬ್ಬ ಹಿರಿಯ ಟವೆಲ್ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. 90.23.

ಆಮೇಲೆ ಆಗಿದ್ದನ್ನು ನಾನು ತುಣುಕು ತುಣುಕಾಗಿ ಹೇಳಬಲ್ಲೆ ಅಷ್ಟೇ. ಭಟ್ಕಳದ ಹುಡುಗ ಹಿಂದಿನಿಂದ ನನ್ನ ಕುತ್ತಿಗೆಗೆ ಜೋತುಬಿದ್ದ. ಮುಂದಿನ ನರ್ಸ್ ಒಬ್ಬಳು ಅಳುತ್ತಾ ಯಾರಿಗೋ ವಿಡಿಯೋ ಕಾಲ್ ಮಾಡಿ, ಫೋನನ್ನು ಬೋರ್ಡಿನ ಕಡೆ ಹಿಡಿದಳು. ಆ ಕಡೆಯವರಿಗೆ ಬರೀ ದೀಪ ಕಂಡಿರಬೇಕು. ಟವೆಲಿನ ಹಿರಿಯ ಪಕ್ಕದವನನ್ನು 'ಹೋ ಗಯಾ? ಹೋ ಗಯಾ?' ಅಂತ ಕೇಳುತ್ತಲೇ ಇದ್ದ, ಉತ್ತರ ಸಿಕ್ಕ ಮೇಲೂ. ಮತ್ತೆ ನಮ್ಮ ಭಾವ, ಜೋರಾಗಿ ನಗದ ಭಾವ, ಎರಡೂ ಕೈ ಎತ್ತಿ ಹಾರಿದರು. ಒಂದು ಕೈಯಲ್ಲಿ ಕರಕ್ ಚಹಾ ಇತ್ತು ಅನ್ನುವುದು ಅವರಿಗೆ ಮರೆತಿತ್ತು. ನನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಬಿಳಿ ಅಂಗಿಯೂ ಹೋಯಿತು. ಅಳಿಯ ಸೀಟಿನ ಮೇಲೆ ಹತ್ತಿ ನಿಂತು ಏನೋ ಕೂಗುತ್ತಿದ್ದ, ಗೋಲ್ ಆದಾಗ ಕೂಗುವಂಥದ್ದು. ಕೆಳಗೆ ಜರ್ಮನಿಯ ಯೂಲಿಯನ್ ವೆಬರ್ ಬಂದು ನೀರಜ್‌ನನ್ನು ಅಪ್ಪಿಕೊಂಡ.

ನಿಜ ಹೇಳುತ್ತೇನೆ, ಅಲ್ಲಿಂದ ಮುಂದೆ ಜನ ಆಟ ನೋಡಲಿಲ್ಲ. ಅರ್ಧ ಜನ ಫೋನಿನಲ್ಲಿದ್ದರು. ಜಮೈಕಾದ ಟೀಯಾ ಕ್ಲೇಟನ್ ನೂರು ಮೀಟರನ್ನು 10.92ಕ್ಕೆ ಓಡಿದಳು, ಅವಳ ಅವಳಿ ಸೋದರಿಯೂ ಅದೇ ಓಟದಲ್ಲಿದ್ದಳು. ಒಲಿಂಪಿಕ್ ಚಿನ್ನದ, ಬೋಟ್ಸ್ವಾನಾದ ಟೆಬೊಗೊ ಇನ್ನೂರನ್ನು 20.10ಕ್ಕೆ ಮುಗಿಸಿದ. ಬೇರೆ ದಿನವಾಗಿದ್ದರೆ ಇವನ್ನೇ ಎರಡು ಪುಟ ಬರೆಯುತ್ತಿದ್ದೆ. ನಮ್ಮ ಸಾಲಿನಲ್ಲಿ ಯಾರಾದರೂ ಅತ್ತ ನೋಡಿದ್ದರೆ ಅದು ಕೀನ್ಯಾದವರು ಎದ್ದು ಕುಣಿದು ಅಡ್ಡ ಬಂದಾಗ.

ವೆಬರ್ ಮಾತ್ರ ಸುಮ್ಮನೆ ಕೂತಿರಲಿಲ್ಲ. 83.82, 85.57, 89.06, 88.05, 89.84. ಭಾವ ಟಿಕೆಟಿನ ಹಿಂದೆ ಒಂದೊಂದನ್ನೇ ಬರೆದುಕೊಳ್ಳುತ್ತಿದ್ದರು. ಐದನೆಯದು ಬರೆದ ಮೇಲೆ ಪೆನ್ನನ್ನು ಜೇಬಿಗೆ ಹಾಕಲಿಲ್ಲ. 'ಇದು ಸರಿಯಿಲ್ಲ ನೋಡು, ಏರ್ತಾ ಇದೆ' ಅಂದರು. ಅವನೂ ಅಲ್ಲಿಯವರೆಗೆ ಜೀವಮಾನದಲ್ಲಿ ತೊಂಬತ್ತು ದಾಟಿದವನಲ್ಲ. ಕೊನೆಯ ಎಸೆತ. ಈ ಸಲ ನನಗೆ ಬೋರ್ಡು ಬೇಕಾಗಲಿಲ್ಲ. ನೀರಜ್‌ನ ಕೋಲು ನಿಂತ ಜಾಗವನ್ನು ನಾನು ಒಂದು ಜಾಹೀರಾತು ಫಲಕದ ಅಂಚಿಗೆ ಗುರುತಿಟ್ಟುಕೊಂಡಿದ್ದೆ. ಇದು ಅದರಾಚೆ ಬಿತ್ತು. 91.06.

ಮನೆಯಲ್ಲಿ ಎಲ್ಲರೂ ನಗುತ್ತಿರುವಾಗ ಕರೆಂಟು ಹೋದ ಹಾಗಾಯಿತು. ಮೊದಲು ಚಪ್ಪಾಳೆ ತಟ್ಟಿದವರು ಭಾವ. ನಿಧಾನಕ್ಕೆ, ಬೋರ್ಡಿನ ಅಂಕಿ ಬರೆದುಕೊಂಡ ಮೇಲೆ. ಆಮೇಲೆ ನರ್ಸುಗಳು, ಆಮೇಲೆ ಎಲ್ಲರೂ. ನೀರಜ್‌ಗೆ ಇನ್ನೊಂದು ಬಾಕಿ ಇತ್ತು, ಜನ ಮತ್ತೆ ತಾಳ ಹಾಕಿದರು. 88.20.

'ಮಾವ, ನಾವು ಗೆದ್ವಾ ಸೋತ್ವಾ?'

ಅಳಿಯನ ಈ ಪ್ರಶ್ನೆ ಹನ್ನೆರಡು ಸಾವಿರ ಜನರ ಮುಖದ ಮೇಲೆ ಇತ್ತು. ನಗಬೇಕೋ ಬೇಡವೋ ಗೊತ್ತಾಗದೆ ಕೆಲವರು ಎರಡನ್ನೂ ಮಾಡುತ್ತಿದ್ದರು. ಮೆಟ್ಟಿಲಿಳಿಯುವಾಗ ಒಬ್ಬ 'ತೊಂಬತ್ತು ಎಸೆದೂ ಸೋತರೆ ಏನು ಬಂತು' ಅಂತ ಹಿಂದಿಯಲ್ಲಿ ಗೊಣಗಿದ. ಇನ್ನೊಬ್ಬ, 'ಗಾಳಿ ಎಸೆದಿದ್ದು ಬಿಡಿ' ಅಂದ. ಇದಕ್ಕೆ ಮಾತ್ರ ನನಗೆ ಸಿಟ್ಟು ಬಂತು. ನೂರು ಮೀಟರ್ ಓಟಕ್ಕೆ, ಲಾಂಗ್ ಜಂಪಿಗೆ ಗಾಳಿ ಅಳೆಯುತ್ತಾರೆ, ಸೆಕೆಂಡಿಗೆ ಎರಡು ಮೀಟರ್ ಮೀರಿದರೆ ದಾಖಲೆಗೆ ಹಿಡಿಯುವುದಿಲ್ಲ. ಜಾವೆಲಿನ್‌ಗೆ ಆ ನಿಯಮವೇ ಇಲ್ಲ. ಮತ್ತೆ ಗಾಳಿ ಬೀಸಿದ್ದು ಎಲ್ಲರಿಗೂ. ಮೂರನೆಯವನಾದ ಆಂಡರ್ಸನ್ ಪೀಟರ್ಸ್ ಎರಡು ಸಲದ ವಿಶ್ವ ಚಾಂಪಿಯನ್, ಅವನಿಗೆ 85.64 ದಾಟಲಿಲ್ಲ. ನಮ್ಮ ಕಿಶೋರ್ ಜೆನಾ 78.60ಕ್ಕೆ ನಿಂತ. ಇಷ್ಟನ್ನೂ ನಾನು ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲೇ ಹೇಳಿದೆ. ಅವನು ಆಗಲೇ ಗೇಟು ದಾಟಿದ್ದ.

ಗೇಟಿನ ಹತ್ತಿರ ಕೀನ್ಯಾದ ಗುಂಪಿನ ಒಬ್ಬಾಕೆ ನನ್ನ ಕೈಯ ಚಿಕ್ಕ ಬಾವುಟ ನೋಡಿ ಬೆನ್ನು ತಟ್ಟಿದಳು. 'ನಿಮ್ಮ ಹುಡುಗಿ ಚೆನ್ನಾಗಿ ಓಡಿದಳು!'

ಯಾವ ಹುಡುಗಿ?

ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. 'ಸ್ಟೀಪಲ್‌ಚೇಸ್. ಆರನೇ ಸ್ಥಾನ. ನೀವು ನೋಡಲಿಲ್ಲವಾ?'

ಪಾರುಲ್ ಚೌಧರಿ. ಅಡ್ಡಗಟ್ಟೆ, ನೀರಿನ ಹೊಂಡ ಹಾರಿ ಓಡುವ ಓಟ ಅದು. ಕೀನ್ಯಾದ ಫೇತ್ ಚೆರೋಟಿಚ್ ಗೆದ್ದ ಆ ಓಟದಲ್ಲಿ ಪಾರುಲ್ 9 ನಿಮಿಷ 13.39 ಸೆಕೆಂಡಿಗೆ ಓಡಿ, ತನ್ನದೇ ರಾಷ್ಟ್ರೀಯ ದಾಖಲೆ ಮುರಿದಿದ್ದಳು. ನನ್ನ ಕಣ್ಣ ಮುಂದೆ. ನಾನು ಆ ಹೊತ್ತಿಗೆ ಭಟ್ಕಳದ ಹುಡುಗನಿಗೆ, ಏಷ್ಯಾದಲ್ಲಿ ತೊಂಬತ್ತು ದಾಟಿದವರಲ್ಲಿ ನೀರಜ್ ಮೂರನೆಯವನು, ಮೊದಲಿಬ್ಬರು ತೈವಾನಿನ ಚೆಂಗ್ ಮತ್ತು ಅರ್ಶದ್ ಅಂತ ವಿವರಿಸುತ್ತಿದ್ದಿರಬೇಕು. ಶಾಲೆಯಲ್ಲಿ ಹುಡುಗಿಯರ ಓಟದ ಹೊತ್ತಿಗೆ ಚಹಾಕ್ಕೆ ಹೋಗುವ ಸಹೋದ್ಯೋಗಿಗಳಿಗೆ ನಾನು ಎಷ್ಟು ಸಲ ಬೈದಿಲ್ಲ.

ಸೀಟಿ ಡಬ್ಬಿಯಲ್ಲೇ ಇತ್ತು. ಆದರೆ ಜೊತೆಗೆ ಇನ್ನೂ ಎರಡು ಸೀಟಿ ಇದ್ದವು! ನಿಮ್ಮದು ಯಾವುದು ಅಂದ ಕಾವಲಿನವ. ನನಗೆ ನೋಡಿ ಗೊತ್ತಾಗುವುದಿಲ್ಲ, ಊದಿದರೆ ಗೊತ್ತಾಗುತ್ತದೆ. ಊದಿದೆ. ಹೊರಗೆ ಹೋಗುತ್ತಿದ್ದ ಸಾಲು ಗಕ್ಕನೆ ನಿಂತಿತು.

ಶನಿವಾರ, ಮೇ 17

ಹತ್ತು ಗಂಟೆಗೆ ಎದ್ದೆ. ಅಳಿಯ ಆಗಲೇ ಅಪಾರ್ಟ್‌ಮೆಂಟಿನ ಓಣಿಯಲ್ಲಿ ಪೊರಕೆ ಎಸೆದು, ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡ್ ಬೀಳಿಸಿ, ಅಕ್ಕನ ಕೈಲಿ ಬೈಸಿಕೊಂಡಾಗಿತ್ತು. 'ಇದೆಲ್ಲ ನಿನ್ನಿಂದಲೇ' ಅಂದಳು ನನಗೆ. ಎಡಗಾಲು ಮೊದಲು ಊರಬೇಕು ಅಂತ ಅವನಿಗೆ ಹೇಳಿಕೊಟ್ಟಿದ್ದಕ್ಕೆ ಇನ್ನಷ್ಟು ಬೈದಳು.

ಸಂಜೆ ಮನೆ ಕೆಳಗಿನ ಮಲಯಾಳಿ ಚೇಟನ ಅಂಗಡಿಯಲ್ಲಿ ಪರೋಟ ತಿನ್ನಲು ಕೂತೆವು. ಈ ಊರಿನಲ್ಲಿ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಬೇಕು ಅಂದರೆ ಇಂಥ ಅಂಗಡಿಯೇ ಸರಿ, ಕನ್ನಡಿ ಗೋಡೆಯ ಹೋಟೆಲಲ್ಲ. ಟಿವಿಯಲ್ಲಿ ನಿನ್ನೆಯ ಎಸೆತ ಮತ್ತೆ ಮತ್ತೆ ಬರುತ್ತಿತ್ತು. ಚೇಟ ಪ್ರತಿ ಸಲವೂ ಕಾವಲಿ ಬಿಟ್ಟು ತಿರುಗಿ ನೋಡುತ್ತಿದ್ದ, ಈ ಸಲ ಇನ್ನೂ ದೂರ ಹೋಗಬಹುದು ಅನ್ನುವ ಹಾಗೆ. ನನ್ನ ಪರೋಟ ಒಂದು ಕಡೆ ಕಪ್ಪಾಯಿತು. ವೆಬರ್‌ನದ್ದು ತೋರಿಸಿದಾಗ ಮಾತ್ರ ಅವನು ತಿರುಗಲಿಲ್ಲ.

ಟ್ಯಾಕ್ಸಿಯ ಮುಲ್ತಾನಿನವನು ನೆನಪಾದ. ಅವನು ಕೇಳಿದ್ದು ಎರಡೂ ನಡೆದಿತ್ತು: ತೊಂಬತ್ತು ಆಯಿತು, 92.97 ಹಾಗೇ ಉಳಿಯಿತು.

ಆಮೇಲೆ

ಭಾನುವಾರ ರಾತ್ರಿ ವಿಮಾನ, ಬೆಂಗಳೂರಿನಿಂದ ರಾತ್ರಿ ಬಸ್ಸು, ಶಿರಸಿ ಮುಟ್ಟುವಾಗ ಕೊಡೆ ಬೇಕಿತ್ತು. ಈ ವರ್ಷ ಮಳೆ ಮುಂಚೆಯೇ ಬಂತು.

ಶಾಲೆ ಶುರುವಾದ ಮೊದಲ ವಾರ ಮಳೆ ಬಿಟ್ಟ ಒಂದು ಸಂಜೆ, ಒಂಬತ್ತನೇ ಕ್ಲಾಸಿನ ಹುಡುಗರು ಹುಡುಗಿಯರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ನಮ್ಮಲ್ಲಿರುವುದು ಮೂರು ಬಿದಿರಿನ ಭರ್ಜಿ, ಒಂದರ ತುದಿಯ ಕಬ್ಬಿಣ ಸಡಿಲ. ಎಸೆಯುವ ಮೊದಲು ತೊಂಬತ್ತು ಮೀಟರ್ ಅಂದರೆ ಎಷ್ಟು ಅಂತ ತೋರಿಸಬೇಕು ಅನಿಸಿತು. ಟೇಪು ಹಿಡಿದೆವು. ಐವತ್ತಕ್ಕೆ ಟೇಪು ಮುಗಿಯಿತು, ಗೂಟ ಹೊಡೆದು ಮತ್ತೆ ಎಳೆದೆವು. ಎಪ್ಪತ್ತೆರಡಕ್ಕೆ ಮೈದಾನವೇ ಮುಗಿಯಿತು. ಬೇಲಿ.

'ಸರ್, ಇನ್ನೂ ಹದಿನೆಂಟು ಇದೆ' ಅಂದಳು ಟೇಪು ಹಿಡಿದ ಹುಡುಗಿ.

ಇಬ್ಬರು ಬೇಲಿ ನುಸುಳಿದರು. ಟೇಪು ಪಕ್ಕದ ಅಡಿಕೆ ತೋಟದೊಳಗೆ ಹೋಯಿತು, ಒಂದು ಸಾಲು ಮರ, ಎರಡು ಸಾಲು, ಒಂದು ಕಾಲುವೆ, ಮೂರನೇ ಸಾಲು. 'ತೊಂಬತ್ತು ಇಲ್ಲಿ ಸರ್!' ಅಂತ ತೋಟದೊಳಗಿನಿಂದ ಕೂಗು ಕೇಳಿತು, ಹುಡುಗ ಕಾಣಲಿಲ್ಲ. ನಾನು ಬೇಲಿಯ ಈಚೆ ನಿಂತು ಇನ್ನೂ ಇಪ್ಪತ್ತಮೂರು ಸೆಂಟಿಮೀಟರ್ ಮುಂದೆ ಹೋಗು ಅಂತ ಕೂಗಿದೆ.

ಅಷ್ಟರಲ್ಲಿ ತೋಟದ ಯಜಮಾನರು ಕಂಬಳಿ ಕೊಪ್ಪೆ ಹಾಕಿಕೊಂಡು ಓಡಿಬಂದರು. ಗೂಟ ನೋಡಿದರು, ಟೇಪು ನೋಡಿದರು, ನನ್ನ ಮುಖ ನೋಡಿದರು.

'ಎಂಥದು ಮಾಸ್ತರ್ರೇ ಇದು? ಮತ್ತೆ ಸರ್ವೆ ಬಂತಾ?'